ಹನ್ನೆರಡು ಮಕ್ಕಳಿಗೆ ಬೆಳಗಿನ ತಿಂಡಿ: ಅರ್ಧ ಕೆಲಸ ರಾತ್ರಿಯೇ ಮುಗಿಸುವ ಬಗೆ

ಒಂದು ಕಾವಲಿಯ ಮೇಲೆ ಒಂದು ದೋಸೆ ಬೇಯಲು ಎರಡು ನಿಮಿಷ ಎಂದಿಟ್ಟುಕೊಳ್ಳಿ. ಹದಿನೈದು-ಹದಿನಾರರ ಮಕ್ಕಳು ಹನ್ನೆರಡು ಜನ, ತಲೆಗೆ ಐದು ದೋಸೆ. ಒಟ್ಟು ಅರವತ್ತು ದೋಸೆ, ಎರಡು ಗಂಟೆ. ಮೊದಲು ಕುಳಿತವನು ಐದನೆಯದನ್ನು ಮುಗಿಸಿ ಕೈ ತೊಳೆಯುವಾಗ ಕೊನೆಯವಳು ಇನ್ನೂ ಖಾಲಿ ತಟ್ಟೆ ಹಿಡಿದು ಕುಳಿತಿರುತ್ತಾಳೆ. ಒಲೆಯ ಮುಂದೆ ನಿಂತವರಿಗಂತೂ ತಿಂಡಿಯೂ ಇಲ್ಲ, ಕಾಫಿಯೂ ಇಲ್ಲ. ದೋಸೆಯ ಮೇಲೆ ನನಗೆ ಅಪಾರ ಪ್ರೀತಿ. ಆದರೆ ಬೇಸಿಗೆ ರಜೆಯಲ್ಲಿ ಅಕ್ಕತಂಗಿಯರ ಮಕ್ಕಳೆಲ್ಲ ಒಂದೇ ಮನೆಯಲ್ಲಿ ಸೇರಿದಾಗ, ಮದುವೆಗೆ ಬಂದ ನೆಂಟರ ಮಕ್ಕಳು ನಾಲ್ಕು ದಿನ ಉಳಿದಾಗ, ಶಾಲೆಯ ಕಬಡ್ಡಿ ತಂಡ ನಿಮ್ಮ ಮನೆಯಲ್ಲೇ ತಂಗಿದಾಗ ದೋಸೆಯನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬದಿಗಿಡಬೇಕು.

ಹಾಗಾದರೆ ಏನು ಮಾಡಬೇಕು? ತಿಂಡಿಯ ಪಟ್ಟಿ ಹಾಕುವ ಮೊದಲು ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ರಾತ್ರಿ ಇದರ ಕೆಲಸವನ್ನು ಎಲ್ಲಿಯವರೆಗೆ ಮಾಡಿ ನಿಲ್ಲಿಸಬಹುದು? ಬೆಳಿಗ್ಗೆ ಮಾಡಿಟ್ಟ ಮೇಲೆ ಇದು ಎಷ್ಟು ಹೊತ್ತು ಕಾಯುತ್ತದೆ? ಎರಡನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಹದಿಹರೆಯದವರು ಒಂದೇ ಹೊತ್ತಿಗೆ ಏಳುವವರಲ್ಲ. ಆಟದ ಅಭ್ಯಾಸಕ್ಕೆ ಹೋಗುವವನು ಐದೂವರೆಗೇ ಎದ್ದಿರುತ್ತಾನೆ, ರಾತ್ರಿಯಿಡೀ ಹರಟಿದವರು ಒಂಬತ್ತಾದರೂ ಹೊದಿಕೆ ಸರಿಸುವುದಿಲ್ಲ. ಈ ವಯಸ್ಸಿನಲ್ಲಿ ನಿದ್ದೆಯ ಹೊತ್ತು ತಾನಾಗಿಯೇ ತಡವಾಗುತ್ತದೆ, ಅದು ಸೋಮಾರಿತನವಲ್ಲ. ಹಾಗಾಗಿ ಆರು ಗಂಟೆಗೆ ತಯಾರಾದ ತಿಂಡಿ ಒಂಬತ್ತಕ್ಕೂ ಬಾಯಿಗೆ ಹಿಡಿಸುವಂತಿರಬೇಕು.

ಉಪ್ಪಿಟ್ಟು ಸೋಲುವುದು ಇಲ್ಲೇ. ರವೆಯನ್ನು ಒಗ್ಗರಣೆಯಲ್ಲೇ ಹುರಿದು ಡಬ್ಬಿಗೆ ತುಂಬಿಟ್ಟರೆ ಬೆಳಿಗ್ಗೆ ಕುದಿಯುವ ನೀರಿಗೆ ಸುರಿದು ಹತ್ತು ನಿಮಿಷದಲ್ಲಿ ಮುಗಿಸಬಹುದು, ನಿಜ. ಆದರೆ ಅರ್ಧ ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಹಾಸ್ಟೆಲ್ ಮಕ್ಕಳು ಅದನ್ನು ಕಾಂಕ್ರೀಟ್ ಎನ್ನುವುದು ಆರಿದ ಉಪ್ಪಿಟ್ಟನ್ನು ತಿಂದೇ. ಎಲ್ಲರೂ ಒಟ್ಟಿಗೆ ಪಂಕ್ತಿಯಲ್ಲಿ ಕೂರುವ ದಿನ ಮಾತ್ರ ಉಪ್ಪಿಟ್ಟು ಮಾಡಿ. ಅಕ್ಕಿರೊಟ್ಟಿಗೂ ದೋಸೆಯದೇ ಲೆಕ್ಕ, ಒಂದೊಂದಕ್ಕೆ ನಾಲ್ಕೈದು ನಿಮಿಷ. ಈರುಳ್ಳಿ ಹಾಕಿದ ರೊಟ್ಟಿಯ ಹಿಟ್ಟು ರಾತ್ರಿಯಿಡೀ ನೀರು ಬಿಟ್ಟುಕೊಂಡು ಅಂಟಾಗುವುದರಿಂದ ಅದನ್ನು ಕಲಸಿಡುವಂತೆಯೂ ಇಲ್ಲ.

ಅಳತೆ

ನಮ್ಮ ಹಸಿವಿನಿಂದ ಮಕ್ಕಳ ಹಸಿವನ್ನು ಅಳೆಯಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 3320 ಕಿಲೋಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವ ಗಂಡಸಿಗೆ 2110 ಸಾಕು. ಹುಡುಗಿಯರ ಲೆಕ್ಕವನ್ನು ಇನ್ನೂ ಗಮನವಿಟ್ಟು ನೋಡಬೇಕು: 13ರಿಂದ 15ರ ಹುಡುಗಿಗೆ 2400, ಹೆಚ್ಚು ಓಡಾಟವಿಲ್ಲದ ಹೆಂಗಸಿಗೆ 1660. ಅಂದರೆ ಮಗಳಿಗೆ ಅಮ್ಮನ ಸುಮಾರು ಒಂದೂವರೆ ಪಟ್ಟು ಊಟ ಬೇಕು. ನಮ್ಮ ಮನೆಗಳಲ್ಲಿ ‘ಇನ್ನೊಂದು ಹಾಕಲಾ?’ ಎಂದು ಹುಡುಗರನ್ನು ಮೂರು ಸಲ ಕೇಳುತ್ತೇವೆ, ಹುಡುಗಿಯರನ್ನು ಒಂದು ಸಲ. ದಯವಿಟ್ಟು ಇಬ್ಬರನ್ನೂ ಮೂರು ಸಲ ಕೇಳಿ.

ಅಡುಗೆಮನೆಯ ಲೆಕ್ಕಕ್ಕೆ ತಂದರೆ ತಲೆಗೆ ಆರು ಇಡ್ಲಿ, ಇಲ್ಲವೇ ನೂರು ಗ್ರಾಂ ಅಕ್ಕಿಯ ಅನ್ನ, ಇಲ್ಲವೇ ಎಂಬತ್ತು ಗ್ರಾಂ ಅವಲಕ್ಕಿ, ಇಲ್ಲವೇ ನಾಲ್ಕು ಬನ್ಸ್. ಕೆಳಗೆ ಹೇಳಿರುವುದೆಲ್ಲ ಹನ್ನೆರಡು ಜನರ ಅಳತೆ.

ಇಡ್ಲಿ: ಮೊದಲ ದಿನದ ತಿಂಡಿ

ನಾಲ್ಕು ತಟ್ಟೆಯ ಇಡ್ಲಿ ಸ್ಟ್ಯಾಂಡಿನಲ್ಲಿ ಹದಿನಾರು ಇಡ್ಲಿ ಹಿಡಿಯುತ್ತವೆ. ಪಕ್ಕದ ಮನೆಯಿಂದ ಇನ್ನೊಂದು ಸ್ಟ್ಯಾಂಡ್ ತಂದುಕೊಂಡರೆ ಒಂದು ಸುತ್ತಿಗೆ ಮೂವತ್ತೆರಡು. ಹನ್ನೆರಡು ನಿಮಿಷ ಬೇಯುವುದು, ಎರಡು ನಿಮಿಷ ಆರುವುದು, ಬಿಡಿಸಿ ಮತ್ತೆ ಹೊಯ್ಯುವುದು. ಮುಕ್ಕಾಲು ಗಂಟೆಯಲ್ಲಿ ಎಪ್ಪತ್ತೆರಡು ಇಡ್ಲಿ ಹಾಟ್‌ಬಾಕ್ಸಿನಲ್ಲಿರುತ್ತವೆ. ಆ ಹೊತ್ತಿನಲ್ಲಿ ನಿಮ್ಮ ಕೈ ಬಿಡುವಾಗಿಯೂ ಇರುತ್ತದೆ, ದೋಸೆಯ ಹಾಗೆ ಕಾವಲಿಗೆ ಅಂಟಿಕೊಂಡಿರಬೇಕಿಲ್ಲ.

ಮೂರು ಲೋಟ ಉದ್ದಿನಬೇಳೆಗೆ ಆರು ಲೋಟ ಇಡ್ಲಿ ರವೆ. ಬೇಳೆಯ ಜೊತೆ ಒಂದು ಚಮಚ ಮೆಂತ್ಯ ಹಾಕಿ ಬೆಳಿಗ್ಗೆಯೇ ನೆನೆಸಿ, ನಾಲ್ಕು ಗಂಟೆ ನೆನೆದರೆ ಸಾಕು. ಮನೆಯ ಮಿಕ್ಸಿಯ ಜಾರಿಗೆ ಇಷ್ಟು ಬೇಳೆ ಒಮ್ಮೆಗೇ ಹಿಡಿಯುವುದಿಲ್ಲ. ಮೂರು ಸಲ ಮಾಡಿಕೊಂಡು, ಫ್ರಿಜ್ಜಿನ ತಣ್ಣೀರು ಹಾಕಿ ರುಬ್ಬಿ. ಮಿಕ್ಸಿ ಬಿಸಿಯಾದರೆ ಹಿಟ್ಟೂ ಬಿಸಿಯಾಗಿ ಸರಿಯಾಗಿ ಉಬ್ಬುವುದಿಲ್ಲ. ಒಂದು ಬಟ್ಟಲು ನೀರಿಗೆ ಹಿಟ್ಟಿನ ಒಂದು ತೊಟ್ಟು ಬಿಟ್ಟು ನೋಡಿ: ತೇಲಿದರೆ ರುಬ್ಬಿದ್ದು ಸಾಕು, ಮುಳುಗಿದರೆ ಇನ್ನೂ ಎರಡು ನಿಮಿಷ ತಿರುಗಿಸಬೇಕು. ನೆನೆಸಿದ ರವೆಯನ್ನು ನೀರು ಹೋಗುವಂತೆ ಹಿಂಡಿ ಹಿಂಡಿ ಬೆರೆಸಿ, ಕೈಯಿಂದಲೇ ಚೆನ್ನಾಗಿ ಕಲಸಿ. ಕರೆಂಟ್ ಹೋಗುವ ಊರಾದರೆ ರುಬ್ಬುವುದನ್ನು ಸಂಜೆಗೆ ಉಳಿಸಿಕೊಳ್ಳಲೇಬೇಡಿ.

ಇಲ್ಲಿ ಹೊತ್ತಿನ ಲೆಕ್ಕ ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಹಿಟ್ಟು ಐದಾರು ಗಂಟೆಯಲ್ಲಿ ಉಬ್ಬಿ ನಿಲ್ಲುತ್ತದೆ, ಬೆಂಗಳೂರು-ಮೈಸೂರಿನಲ್ಲಿ ಎಂಟು ಗಂಟೆ ಬೇಕು, ಡಿಸೆಂಬರ್ ಚಳಿಯಲ್ಲಿ ಹನ್ನೆರಡು ಗಂಟೆಯಾದರೂ ಸಾಲದು. ಬೇಸಿಗೆಯಲ್ಲಿ ಎಲ್ಲರೂ ಮಾಡುವ ಹಾಗೆ ರಾತ್ರಿ ರುಬ್ಬಿ ಹೊರಗಿಟ್ಟರೆ, ಕೊನೆಯವರು ಏಳುವ ಹೊತ್ತಿಗೆ ಉಳಿದ ಹಿಟ್ಟಿಗೆ ಹುಳಿ ಹೆಚ್ಚಿರುತ್ತದೆ. ಮಧ್ಯಾಹ್ನವೇ ರುಬ್ಬಿಡಿ, ರಾತ್ರಿ ಮಲಗುವ ಮುನ್ನ ಉಬ್ಬಿದ ಹಿಟ್ಟಿಗೆ ಉಪ್ಪು ಬೆರೆಸಿ ಫ್ರಿಜ್ಜಿಗೆ ಸೇರಿಸಿ. ಉಬ್ಬಿದಾಗ ಹಿಟ್ಟು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬದೆ, ಅಡಿಗೊಂದು ತಟ್ಟೆ ಇಡಿ.

ಹಾಟ್‌ಬಾಕ್ಸಿಗೆ ಇಡ್ಲಿ ತುಂಬುವ ಮೊದಲು ಒಳಗೆ ತೆಳ್ಳನೆಯ ಬಿಳಿ ಬಟ್ಟೆ ಹಾಸಿ, ಮೇಲೂ ಅದನ್ನೇ ಮಡಚಿ ಹೊದಿಸಿ. ಬಟ್ಟೆಯಿಲ್ಲದಿದ್ದರೆ ಮುಚ್ಚಳದ ಹಬೆ ನೀರಾಗಿ ಇಳಿದು ಮೇಲಿನ ಇಡ್ಲಿಗಳು ಮುದ್ದೆಯಾಗುತ್ತವೆ. ಹೀಗಿಟ್ಟರೆ ಮೂರು ಗಂಟೆ ಮೃದುವಾಗಿಯೇ ಇರುತ್ತವೆ.

ರುಬ್ಬುವ ತಾಪತ್ರಯ ಬೇಡವೆನ್ನುವವರಿಗೆ ರವೆ ಇಡ್ಲಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ತಾವು ಕಂಡುಕೊಂಡ ತಿಂಡಿ ಇದು ಎಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ರವೆಯನ್ನು ತುಪ್ಪ, ಸಾಸಿವೆ, ಕಡಲೆಬೇಳೆ, ಕರಿಬೇವು, ಗೋಡಂಬಿಯ ಜೊತೆ ಹಿಂದಿನ ವಾರವೇ ಹುರಿದು ಆರಿಸಿ ಡಬ್ಬಿಗೆ ಹಾಕಿಡಬಹುದು. ಬೆಳಿಗ್ಗೆ ಅಷ್ಟೇ ಅಳತೆಯ ಹುಳಿಮೊಸರು, ಬೇಕಾದಷ್ಟು ನೀರು, ಉಪ್ಪು ಸೇರಿಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಸೋಡಾ ಮಾತ್ರ ತಟ್ಟೆಗೆ ಹೊಯ್ಯುವ ಮುಂಚಿನ ಕ್ಷಣದಲ್ಲಿ, ಒಂದು ಸುತ್ತಿಗೆ ಎಷ್ಟು ಹಿಟ್ಟು ಬೇಕೋ ಅಷ್ಟಕ್ಕೆ ಮಾತ್ರ ಹಾಕಿ.

ಜೊತೆಗೆ ಏನು? ತೆಂಗಿನಕಾಯಿ ಚಟ್ನಿಯನ್ನು ರಾತ್ರಿ ರುಬ್ಬಿಡಬೇಡಿ, ಬೇಸಿಗೆಯಲ್ಲಿ ಬೆಳಗಾಗುವುದರೊಳಗೆ ಹಳಸುತ್ತದೆ. ತುರಿದ ಕಾಯಿಯನ್ನು ಫ್ರೀಜರಿನಲ್ಲಿಟ್ಟು, ಹುರಿಗಡಲೆ, ಹಸಿಮೆಣಸು, ಹುಣಸೆ, ಉಪ್ಪನ್ನು ಒಂದು ಬಟ್ಟಲಿಗೆ ಅಳೆದಿಟ್ಟರೆ ಬೆಳಿಗ್ಗೆ ಮಿಕ್ಸಿಗೆ ಸುರಿಯುವುದಷ್ಟೇ ಉಳಿಯುತ್ತದೆ. ಸಾಂಬಾರನ್ನು ರಾತ್ರಿಯೇ ಮಾಡಬಹುದು. ಆದರೆ ಕಾಯಿ ರುಬ್ಬಿ ಹಾಕದೆ, ಬರೀ ಬೇಳೆ, ತರಕಾರಿ, ಸಾಂಬಾರ್ ಪುಡಿಯಲ್ಲಿ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಬೆಚ್ಚಗೆ ಮಾಡಿದರೆ ಸಾಲದು, ತಳಮಳ ಕುದಿಯಬೇಕು.

ಗೊಜ್ಜು ಎಂಬ ಆಪದ್ಬಂಧು

ಪುಳಿಯೋಗರೆಯ ನಿಲ್ಲಿಸುವ ಜಾಗ ಬಹಳ ಸ್ಪಷ್ಟ: ಗೊಜ್ಜಿನವರೆಗೆ ಮುಂಚೆ, ಅನ್ನ ಅಂದೇ. ನೂರೈವತ್ತು ಗ್ರಾಂ ಹುಣಸೆಹಣ್ಣಿನ ಗಟ್ಟಿ ರಸ, ನೂರು ಗ್ರಾಂ ಬೆಲ್ಲ, ಏಳೆಂಟು ದೊಡ್ಡ ಚಮಚ ಸಾರಿನ ಪುಡಿ, ಉಪ್ಪು, ಅರಿಶಿನ. ಒಂದು ಸಣ್ಣ ಲೋಟ ಎಳ್ಳೆಣ್ಣೆಯಲ್ಲಿ ಸಾಸಿವೆ, ಬೇಳೆಗಳು, ಇಂಗು, ಕರಿಬೇವಿನ ಒಗ್ಗರಣೆ ಮಾಡಿ ರಸ ಸುರಿದು ಸಣ್ಣ ಉರಿಯಲ್ಲಿ ಕುದಿಸುತ್ತಾ ಹೋಗಿ. ಮೊದಲು ಎತ್ತರಕ್ಕೆ ಸಿಡಿಯುತ್ತದೆ, ಆಮೇಲೆ ಸಿಡಿತ ಕಡಿಮೆಯಾಗಿ ಗುಳ್ಳೆ ದಪ್ಪವಾಗುತ್ತದೆ, ಕೊನೆಗೆ ಬಾಣಲೆಯ ಅಂಚಿನಲ್ಲಿ ಎಣ್ಣೆ ಉಂಗುರದಂತೆ ಬಿಟ್ಟುಕೊಳ್ಳುತ್ತದೆ. ಆಗ ಇಳಿಸಿ. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಜಾಡಿಗೆ ತುಂಬಿ, ಒದ್ದೆ ಚಮಚ ತಾಗಿಸದಿದ್ದರೆ ಫ್ರಿಜ್ಜಿನಲ್ಲಿ ಒಂದು ತಿಂಗಳಿಗೂ ಕೆಡುವುದಿಲ್ಲ. ಕಡಲೆಬೀಜವನ್ನು ಬೇರೆ ಹುರಿದಿಟ್ಟು ಕಲಸುವಾಗಲೇ ಹಾಕಿ, ಗೊಜ್ಜಿನಲ್ಲೇ ಬಿದ್ದಿದ್ದರೆ ಮೆತ್ತಗಾಗುತ್ತದೆ. ಎಳ್ಳು, ಕೊಬ್ಬರಿ ಹುರಿದು ಮಾಡಿದ ಪುಡಿಯೂ ಹಾಗೆಯೇ, ಕೊನೆಗೆ.

ಬೆಳಿಗ್ಗೆ ಒಂದೂಕಾಲು ಕಿಲೋ ಅಕ್ಕಿಯ ಅನ್ನ ಉದುರುದುರಾಗಿ ಮಾಡಿ, ಪರಾತಕ್ಕೆ ಹರವಿ, ಒಂದು ಚಮಚ ಎಳ್ಳೆಣ್ಣೆ ಬಿಟ್ಟು ಆರಿಸಿ ಕಲಸಿದರೆ ಮುಗಿಯಿತು. ಎರಡು ಕುಕ್ಕರ್ ಇದ್ದರೆ ಅರ್ಧ ಗಂಟೆಯ ಕೆಲಸ. ಇದು ಕಾಯುವ ತಿಂಡಿಗಳಲ್ಲಿ ಮೊದಲನೆಯದು. ಆರು ಗಂಟೆಯ ಪುಳಿಯೋಗರೆಗಿಂತ ಒಂಬತ್ತರದ್ದಕ್ಕೆ ರುಚಿ ಹೆಚ್ಚು.

ಅನ್ನವನ್ನೂ ರಾತ್ರಿಯೇ ಮಾಡಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಪಾತ್ರೆಯಲ್ಲೇ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಬ್ಬರಿಗೆ ವಾಂತಿಯಾದರೆ ಕಷ್ಟ, ಹನ್ನೆರಡು ಮಕ್ಕಳಿಗೆ ಒಟ್ಟಿಗೆ ಆದರೆ ಅದರ ಪಾಡು ಹೇಳಬೇಕಿಲ್ಲ. ರಾತ್ರಿಯೇ ಅನ್ನ ಮಾಡುವುದು ಅನಿವಾರ್ಯವಾದರೆ ಬೆಂದ ಕೂಡಲೇ ಅಗಲ ತಟ್ಟೆಗಳಿಗೆ ತೆಳ್ಳಗೆ ಹರವಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ಕುಕ್ಕರಿನಲ್ಲಿ ಮುಚ್ಚಿ ಕಟ್ಟೆಯ ಮೇಲೆ ಬಿಟ್ಟು ಮಲಗುವುದು ಬೇಡವೇ ಬೇಡ.

ಒಲೆಯ ಮುಂದೆ ಅರ್ಧ ಗಂಟೆಯೂ ಬೇಡ ಎನ್ನುವ ದಿನಕ್ಕೆ ಗೊಜ್ಜವಲಕ್ಕಿ. ಇದರಲ್ಲಿ ಅನ್ನದ ಚಿಂತೆಯೇ ಇಲ್ಲ. ಒಂದು ಕಿಲೋ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ದಪ್ಪ ರವೆಯ ಹದಕ್ಕೆ ತಂದಿಡಿ. ಹಿಟ್ಟಾಗಲು ಬಿಡಬೇಡಿ. ಸಾರಿನ ಪುಡಿ, ಬೆಲ್ಲದ ಪುಡಿ, ಉಪ್ಪು, ಕೊಬ್ಬರಿ ತುರಿಯನ್ನು ಅದಕ್ಕೇ ಬೆರೆಸಿ ಡಬ್ಬಿಗೆ ಹಾಕಿದರೆ ರಾತ್ರಿಯ ಕೆಲಸ ಮುಗಿಯಿತು. ಬೆಳಿಗ್ಗೆ ತೆಳು ಹುಣಸೆ ರಸವನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸುತ್ತಾ ಕಲಸಿ. ಸುಮಾರು ಒಂದೂಕಾಲು ಲೀಟರ್ ಹಿಡಿಯುತ್ತದೆ, ಅವಲಕ್ಕಿ ಹಳೆಯದಾದರೆ ಇನ್ನೂ ತುಸು ಹೆಚ್ಚು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಉದುರಬೇಕು, ಅದೇ ಹದ. ಕಾಲು ಗಂಟೆ ಮುಚ್ಚಿಟ್ಟು ಕಡಲೆಬೀಜದ ಒಗ್ಗರಣೆ ಹಾಕಿ. ಪಕ್ಕದಲ್ಲಿ ಗಟ್ಟಿ ಮೊಸರು ಇರಲೇಬೇಕು. ಹಿಂದಿನ ರಾತ್ರಿ ಎರಡು ಲೀಟರ್ ಹಾಲಿಗೆ ಹೆಪ್ಪು ಹಾಕಿಡುವುದನ್ನು ಮರೆಯಬೇಡಿ.

ಉತ್ತರ ಕರ್ನಾಟಕದಿಂದ ಕಲಿಯಬೇಕಾದದ್ದು

ಮುಂಚೆಯೇ ಮಾಡಿಡುವ ಊಟದ ವಿಷಯದಲ್ಲಿ ವಿಜಯಪುರ, ಬಾಗಲಕೋಟೆ, ಧಾರವಾಡದ ಮನೆಗಳು ಉಳಿದವರಿಗಿಂತ ಬಹಳ ಮುಂದಿವೆ. ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಶೇಂಗಾ ಚಟ್ನಿ ತಿಂಗಳು ಇರುತ್ತದೆ, ಎಣ್ಣೆಗಾಯಿಯ ಮಸಾಲೆ ಬದನೆಯೊಳಗೆ ಇಳಿದು ಮರುದಿನವೇ ಹೆಚ್ಚು ರುಚಿಸುತ್ತದೆ. ಬೆಳಿಗ್ಗೆ ಮಾಡುವ ಕೆಲಸ ಎಣ್ಣೆಗಾಯಿಯನ್ನು ಕುದಿ ಬರುವವರೆಗೆ ಬಿಸಿ ಮಾಡುವುದು ಮಾತ್ರ. ಬದನೆಕಾಯಿ ಕಂಡರೆ ಮುಖ ತಿರುಗಿಸುವ ಮಕ್ಕಳಿರುತ್ತಾರೆ, ಅವರಿಗಾಗಿ ಅದೇ ಶೇಂಗಾ-ಎಳ್ಳಿನ ಮಸಾಲೆಯಲ್ಲಿ ಸಣ್ಣ ಆಲೂಗಡ್ಡೆ ಹಾಕಿ ಇನ್ನೊಂದು ಪಾತ್ರೆ ಮಾಡಿಬಿಡಿ, ವಾದ ಬೇಡ.

ರೊಟ್ಟಿ ತಲೆಗೆ ಮೂರರಂತೆ ನಲವತ್ತು ತಂದಿಡಿ. ಈಗ ಬೆಂಗಳೂರಿನ ಬಡಾವಣೆಗಳಲ್ಲೂ ರೊಟ್ಟಿ ಮಾರುವ ಅಂಗಡಿಗಳಿವೆ. ಗಟ್ಟಿ ರೊಟ್ಟಿ ಅಭ್ಯಾಸವಿಲ್ಲದವರಿಗೆ ಸ್ವಲ್ಪ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಅಭ್ಯಾಸವಿದ್ದವರು ರೊಟ್ಟಿಯನ್ನು ಮುರಿದು, ಮೇಲೆ ಮೊಸರು, ಶೇಂಗಾ ಚಟ್ನಿ, ಹೆಚ್ಚಿದ ಈರುಳ್ಳಿ, ಒಂದಿಷ್ಟು ಎಣ್ಣೆ ಹಾಕಿಕೊಂಡು ತಿನ್ನುತ್ತಾರೆ. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು, ದಕ್ಷಿಣದ ಮಕ್ಕಳೂ ಮೂರನೇ ರೊಟ್ಟಿಗೆ ಕೈ ಹಾಕುತ್ತಾರೆ.

ರಾತ್ರಿಯೇ ಕರಿದಿಡುವ ಬನ್ಸ್

ಕರಾವಳಿಯ ಬನ್ಸ್ ಮಾಡಿದ ದಿನ ಮನೆಯಲ್ಲಿ ಯಾರನ್ನೂ ಎಬ್ಬಿಸಬೇಕಾಗುವುದಿಲ್ಲ. ಹಿಂದಿನ ರಾತ್ರಿ ಕರಿದದ್ದು ಬೆಳಿಗ್ಗೆಗೂ ಮೃದುವಾಗಿರುತ್ತದೆ, ಬಿಸಿ ಮಾಡುವ ಅಗತ್ಯವೂ ಇಲ್ಲ.

ಸಿಪ್ಪೆ ಕಪ್ಪಾಗುವಷ್ಟು ಕಳಿತ ದೊಡ್ಡ ಬಾಳೆಹಣ್ಣು ಆರು, ಒಂದೂವರೆ ಲೋಟ ಸಕ್ಕರೆ, ಮುಕ್ಕಾಲು ಲೋಟ ಹುಳಿಮೊಸರು, ಮೂರು ಚಮಚ ಜೀರಿಗೆ, ಒಂದು ಚಮಚ ಅಡುಗೆ ಸೋಡಾ, ಉಪ್ಪು. ಹಣ್ಣನ್ನು ಸಕ್ಕರೆಯ ಜೊತೆ ನುಣ್ಣಗೆ ಕಿವುಚಿ ಉಳಿದದ್ದನ್ನೆಲ್ಲ ಬೆರೆಸಿ, ಹಿಡಿಯುವಷ್ಟು ಮೈದಾ ಹಾಕುತ್ತಾ ಹೋಗಿ. ಒಂಬತ್ತು ಲೋಟದ ಆಸುಪಾಸು ಹಿಡಿಯುತ್ತದೆ. ನೀರು ಒಂದು ತೊಟ್ಟೂ ಬೇಡ. ಹಿಟ್ಟು ಚಪಾತಿಯ ಹಿಟ್ಟಿಗಿಂತ ಮೆತ್ತಗೆ, ಕೈಗೆ ಅಂಟುವಂತೆಯೇ ಇರಬೇಕು. ಅಂಟುತ್ತದೆಂದು ಮೈದಾ ಸುರಿದರೆ ಬನ್ಸ್ ಗಟ್ಟಿಯಾಗುತ್ತದೆ, ಅದರ ಬದಲು ಕೈಗೆ ಎಣ್ಣೆ ಸವರಿಕೊಳ್ಳಿ. ಬೆಳಿಗ್ಗೆ ಕಲಸಿ ಮುಚ್ಚಿಟ್ಟರೆ ಸಂಜೆಯ ಹೊತ್ತಿಗೆ ಹದವಾಗಿರುತ್ತದೆ. ಪೂರಿಗಿಂತ ದಪ್ಪಗೆ ಲಟ್ಟಿಸಿ ಮಧ್ಯಮ ಉರಿಯಲ್ಲಿ ಕರಿಯಿರಿ. ಎಣ್ಣೆ ಹೊಗೆಯಾಡುವಷ್ಟು ಕಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ನಲವತ್ತೆಂಟಕ್ಕೆ ಸಾಲುವಷ್ಟು ಹಿಟ್ಟು ಇದು, ಆದರೆ ಕರಿಯುವಾಗಲೇ ಕೆಲವು ಕಾಣೆಯಾಗುತ್ತವೆ ಎನ್ನುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಹೊಟ್ಟೆ ಹಿಡಿದು ನಿಲ್ಲಲು

ಅಕ್ಕಿ, ಮೈದಾ, ಅವಲಕ್ಕಿ ಮಾತ್ರ ತಿಂದ ಮಕ್ಕಳು ಹತ್ತೂವರೆಗೆ ಮತ್ತೆ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆಯುತ್ತಾರೆ. ಬನ್ಸ್ ದಿನವಂತೂ ಖಂಡಿತ. ಆದ್ದರಿಂದ ಯಾವ ತಿಂಡಿಯಾದರೂ ಪಕ್ಕದಲ್ಲಿ ಕಾಳೋ ಮೊಟ್ಟೆಯೋ ಇರಲಿ. ಕಡಲೆಕಾಳನ್ನು ಅರ್ಧ ಕಿಲೋ ನೆನೆಸಿ ರಾತ್ರಿ ಉಪ್ಪು ಹಾಕಿ ಬೇಯಿಸಿ, ನೀರು ಬಸಿದು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಒಗ್ಗರಣೆ, ಕಾಯಿತುರಿ, ನಿಂಬೆರಸದೊಂದಿಗೆ ಐದು ನಿಮಿಷದಲ್ಲಿ ಉಸಲಿ. ಹೆಸರುಕಾಳಾದರೆ ಎರಡು ದಿನ ಮುಂಚೆ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಮೊಟ್ಟೆ ತಿನ್ನುವ ಮನೆಯಾದರೆ ತಲೆಗೆ ಎರಡರಂತೆ ಹನ್ನೆರಡು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಿ. ಸಿಪ್ಪೆ ಬಿಡಿಸದೆ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತವೆ. ಬಿಡಿಸುವ ಕೆಲಸ ಮಕ್ಕಳದೇ ಆಗಲಿ.

ಬಡಿಸುವ ಕೆಲಸವೂ ಅವರದೇ ಆಗಬೇಕು. ತಟ್ಟೆ, ಲೋಟ, ಹಾಟ್‌ಬಾಕ್ಸ್, ಚಟ್ನಿ, ಮೊಸರನ್ನು ಮೇಜಿನ ಮೇಲೆ ಜೋಡಿಸುವ ಜಾಗವನ್ನು ರಾತ್ರಿಯೇ ಗೊತ್ತು ಮಾಡಿ, ಮೊದಲು ಎದ್ದವರು ಏನನ್ನು ಎಲ್ಲಿಂದ ತೆಗೆಯಬೇಕೆಂದು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹದಿನಾಲ್ಕು ವರ್ಷದವನಿಗೆ ಸಾಂಬಾರ್ ಕುದಿಸಲು ಬರುತ್ತದೆ. ತಿಂದ ತಟ್ಟೆ ತೊಳೆದಿಡುವ ನಿಯಮವನ್ನು ಮೊದಲ ದಿನವೇ ಹೇಳಿ, ಮೂರನೇ ದಿನ ಹೇಳಿದರೆ ನಡೆಯುವುದಿಲ್ಲ.

ನಾಲ್ಕು ದಿನದ ಬೀಡಾರವಾದರೆ ಮೊದಲ ದಿನ ಇಡ್ಲಿ, ಎರಡನೇ ದಿನ ಪುಳಿಯೋಗರೆ, ಮೂರನೇ ದಿನ ರೊಟ್ಟಿ-ಎಣ್ಣೆಗಾಯಿ, ನಾಲ್ಕನೇ ದಿನ, ಅಂದರೆ ಹೊರಡುವ ದಿನ ಬನ್ಸ್. ಉಳಿದದ್ದನ್ನು ಬಸ್ಸಿಗೂ ಕಟ್ಟಿಕೊಡಬಹುದು. ಇಡ್ಲಿ ಹಿಟ್ಟು ಮಿಕ್ಕಿದ್ದರೆ ಫ್ರಿಜ್ಜಿನಲ್ಲಿ ಮೂರನೇ ದಿನದವರೆಗೆ ನಿಲ್ಲುತ್ತದೆ, ಸ್ವಲ್ಪ ಹುಳಿಯಾಗಿರುತ್ತದೆ. ಅದಕ್ಕೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಹೆಚ್ಚಿ ಹಾಕಿ ಸಂಜೆ ಪಡ್ಡು ಮಾಡಿ. ಆರಿದ ಇಡ್ಲಿ ಉಳಿದರೆ ಪುಡಿ ಮಾಡಿ ಒಗ್ಗರಣೆಗೆ ಹಾಕಿ ಇಡ್ಲಿ ಉಪ್ಪಿಟ್ಟು ಮಾಡಬಹುದು. ಕಲಸಿದ ಪುಳಿಯೋಗರೆಯನ್ನು ಮಾತ್ರ ಅಂದೇ ಮುಗಿಸಿ, ಉಳಿದ ಗೊಜ್ಜು ಜಾಡಿಯಲ್ಲೇ ಇರಲಿ.